ಇಲ್ಲವೆನ್ನದವಳ ಬೀಸಣಿಗೆ

ಆ ಊರಿಗೆ ಹೋಗುವ ದಾರಿಯನ್ನು ನನಗೆ ಯಾರೂ ಸರಿಯಾಗಿ ಹೇಳಲಿಲ್ಲ. ಹೋಗಿ ಬಂದೆವೆಂದವರು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಕೈ ತೋರಿಸಿದರು. ಆದರೆ ಅಲ್ಲಿಯ ಹೂವಿನ ವಿಚಾರದಲ್ಲಿ ಮಾತ್ರ ಎಲ್ಲರ ಮಾತೂ ಕೂಡಿಕೊಳ್ಳುತ್ತದೆ. ಅಲ್ಲಿ ಗಿಡಕ್ಕೆ ನೀರೆರೆದವರ ಗುಣ ಹೂವಿಗೆ ಇಳಿಯುತ್ತದೆ. ಆ ಹೂವನ್ನು ಮುಡಿದವರಿಗೆ, ಪರಿಮಳ ಇರುವಷ್ಟು ಹೊತ್ತು, ಆ ಗುಣ ಹತ್ತಿಕೊಳ್ಳುತ್ತದೆ. ಪರಿಮಳವಿರುವ ಎಲೆ, ಬೇರುಗಳದೂ ಇದೇ ಕಥೆ. ಊರಿನವರು ಇದನ್ನೊಂದು ಸೋಜಿಗವೆಂದು ಎಣಿಸಿದವರೇ ಅಲ್ಲ. ಮೆಣಸಿನಕಾಯಿ ಕಚ್ಚಿದರೆ ಬಾಯುರಿಯುವುದಿಲ್ಲವೇ, ಹಾಗೆ.

ಆದ್ದರಿಂದ ಅಲ್ಲಿಯ ಸಂತೆಯಲ್ಲಿ ಹೂವಾಡಗಿತ್ತಿಯರು ಹೂವಿನ ಹೆಸರನ್ನು ಕೂಗುವುದಿಲ್ಲ, ಮನೆಯ ಹೆಸರನ್ನು ಕೂಗುತ್ತಾರೆ. ಸೀರೆಯಂಗಡಿಗೆ ಹೊರಟವರು ಊರಿನ ಕಡುಜಿಪುಣನ ಹಿತ್ತಲ ಕಾಕಡವನ್ನು ಮುಡಿದು ಹೊರಡುತ್ತಾರೆ. ಅಂಗಡಿಯವನು ಮೊದಲೇ ಅದೇ ಹಿತ್ತಲಿನ ಒಂದು ಎಳೆಯನ್ನು ಕಿವಿಗೆ ಸಿಕ್ಕಿಸಿಕೊಂಡು ಕಾದಿರುತ್ತಾನೆ. ಹೂ ತಂದ ಗಂಡನು ಅದು ಯಾರ ಗಿಡದ್ದೆಂದು ಹೇಳಿದ ಮೇಲಷ್ಟೇ ಹೆಂಡತಿ ತಲೆ ಬಾಗಿಸುವುದು. ಕನಕಾಂಬರಕ್ಕೆ ಪರಿಮಳವಿಲ್ಲದ್ದರಿಂದ ಅದು ಯಾರ ತಂಟೆಗೂ ಹೋಗದು. ಬೀಗರನ್ನು ನೋಡಲು ಹೋಗುವಾಗ ಹುಷಾರಿನ ಜನ ಅದನ್ನೇ ಮುಡಿಯುತ್ತಾರೆ. ದೇವರಿಗಂತೂ ಯಾರ ತೋಟದ ಹೂವಾದರೂ ನಡೆಯುತ್ತದೆ; ಅವನು ಮೊದಲಿನಿಂದಲೂ ಎಲ್ಲರ ಗುಣವನ್ನು ಸಹಿಸಿಕೊಂಡೇ ಬಂದವನೆಂದು ಅಲ್ಲಿಯ ಅರ್ಚಕರ ಅಭಿಪ್ರಾಯ. ಹೂ ಮುಡಿದಾಗ ಆಡಿದ ಮಾತನ್ನು ಮರುದಿನ ಯಾರೂ ಎತ್ತಿ ಆಡುವಂತಿಲ್ಲ. "ಅದು ನಾನಲ್ಲ, ಬೋರಮ್ಮನ ಸಂಪಿಗೆ" ಎಂದರೆ ಜಗಳ ಅಲ್ಲಿಗೆ ಮುಗಿಯಿತು.

ಈ ರಿಯಾಯಿತಿ ಒಂದೇ ಒಂದು ಕಡೆ ಇರಲಿಲ್ಲ. ಮದುವೆಯ ಹಿಂದಿನ ದಿನ, ಇಳಿಹೊತ್ತಿನಲ್ಲಿ, ಅಲ್ಲಿ ಒಪ್ಪಿಗೆಶಾಸ್ತ್ರವೆಂಬುದೊಂದು ನಡೆಯುತ್ತದೆ. ಹೆಣ್ಣು ಮೊಗ್ಗಿನ ಜಡೆ ಹಾಕಿಕೊಂಡು ಹಸೆಯ ಮೇಲೆ ಕೂರುತ್ತಾಳೆ. ಅತ್ತೆಯಾಗುವವಳು ಎದುರಿಗೆ ಕುಳಿತು ತನ್ನ ಮನೆಯ ಕಟ್ಟಳೆಗಳನ್ನು ಒಂದೊಂದಾಗಿ ಹೇಳುತ್ತಾಳೆ. ಹೆಣ್ಣು ಪ್ರತಿಯೊಂದಕ್ಕೂ "ಆಗಲಿ" ಎನ್ನಬೇಕು, ಅಥವಾ "ಆಗದು" ಎನ್ನಬೇಕು. ಅಲ್ಲಿ ಆಗಲಿ ಎಂದದ್ದು ಆಯುಷ್ಯವಿಡೀ ಆಗಲೇಬೇಕು. ಹೂವಿನ ನೆಪ ಅಲ್ಲಿ ನಡೆಯದು. ಹೀಗಾಗಿ ಜಡೆಯ ಮೊಗ್ಗು ಯಾರ ತೋಟದ್ದೆಂಬುದು ಆ ಊರಿನ ಅತ್ತೆಯರಿಗೆ ಹೆಣ್ಣಿನ ಜಾತಕಕ್ಕಿಂತ ದೊಡ್ಡ ವಿಷಯವಾಗಿತ್ತು. ಮತ್ತು ಆ ವಿಷಯದಲ್ಲಿ ಅವರಿಗೆಲ್ಲ ಒಂದೇ ತೋಟ ಕಾಣುತ್ತಿತ್ತು: ಸಣ್ಣತಾಯಮ್ಮನದು.

ಸಣ್ಣತಾಯಮ್ಮನಿಗೆ "ಇಲ್ಲ" ಎನ್ನಲು ಬರುತ್ತಿರಲಿಲ್ಲ. ಕಲಿತು ಮರೆತದ್ದಲ್ಲ, ಬಂದೇ ಇರಲಿಲ್ಲ. ನೆರೆಯವರು ಬಾವಿಯ ಹಗ್ಗ ಕೇಳಿದರು, ಕೊಟ್ಟಳು. ಕೊಡ ಕೇಳಿದರು, ಕೊಟ್ಟಳು. ರಾಟೆ ಕೇಳಿದರು, ತಾನೇ ಬಿಚ್ಚಿಕೊಟ್ಟಳು. ಬಾವಿಯನ್ನು ಒಯ್ಯಲು ಬಾರದ್ದರಿಂದ ಅದೊಂದು ಉಳಿಯಿತು. ಬೇಲಿಯಾಚೆ ನಿಂತ ಮೇಕೆ ದಾಸವಾಳದ ಗಿಡವನ್ನು ಸುಮ್ಮನೆ ನೋಡಿದರೂ ಸಾಕು, ಅವಳು ಒಂದು ಕೊಂಬೆ ಬಗ್ಗಿಸಿ ಹಿಡಿಯುತ್ತಿದ್ದಳು. ಕೇಳಿದ್ದನ್ನಷ್ಟೇ ಕೊಡುವುದೂ ಅವಳಿಗೆ ಬಾರದು. ಮೇಲೊಂದು ಹಿಡಿ ಹಾಕದಿದ್ದರೆ ಕೈ ಹಗುರವೆನಿಸುತ್ತಿರಲಿಲ್ಲ. ಅವಳ ಹೂ ಮುಡಿದವರೂ ಹಾಗೆಯೇ ಆಗುತ್ತಿದ್ದರು.

ಗಂಡ ತೀರಿಕೊಂಡ ಮೇಲೆ ಅವಳ ಸಂಸಾರವೆಲ್ಲ ಹಿತ್ತಲೇ. ಬಚ್ಚಲ ನೀರು ಹರಿಯುವ ಕಾಲುವೆಯ ಉದ್ದಕ್ಕೂ ಲಾವಂಚದ ಹುಲ್ಲು, ಬಾವಿಕಟ್ಟೆಯ ಸುತ್ತ ದುಂಡುಮಲ್ಲಿಗೆ, ನೆರಳಿನ ಮಡಿಗಳಲ್ಲಿ ದವನ, ಮರುಗ, ಪಚ್ಚೆತೆನೆ, ಮೂಲೆಯಲ್ಲೊಂದು ರಂಜದ ಮರ. ಬಿಸಿಲೇರಿದಷ್ಟೂ ಹಿತ್ತಲು ಘಮ್ಮೆನ್ನುತ್ತಿತ್ತು. ಊರೆಲ್ಲ ಬೇಸಿಗೆಯನ್ನು ಶಪಿಸುವ ಮಧ್ಯಾಹ್ನಗಳಲ್ಲಿ ಅವಳು ಮರದಡಿ ಚಾಪೆ ಹಾಸಿ ಕುಳಿತಿರುತ್ತಿದ್ದಳು, ಪಕ್ಕದಲ್ಲಿ ಇಂದ್ರಾಣಿ. ಇಂದ್ರಾಣಿ ಬೇಲಿಯಾಚೆ ಮನೆಯ ಹುಡುಗಿ. ಹಲ್ಲು ಬೀಳುವ ವಯಸ್ಸಿನಿಂದ ಸಣ್ಣತಾಯಮ್ಮನನ್ನು ಅತ್ತೆ ಎಂದು ಕರೆಯುತ್ತ ಈ ಚಾಪೆಯ ಮೇಲೆಯೇ ಕೆಲಸ ಕಲಿತವಳು. ಇಬ್ಬರೂ ಬಾಳೆಯ ನಾರನ್ನು ಶಂಖಪುಷ್ಪದ ನೀಲಿಯಲ್ಲಿ, ಪಾರಿಜಾತದ ತೊಟ್ಟಿನ ಕೇಸರಿಯಲ್ಲಿ ಅದ್ದಿ ಒಣಗಿಸುವರು. ಒಣಗಿದ ದವನ ಮರುಗಗಳನ್ನು ತುಂಡುಬಟ್ಟೆಯಲ್ಲಿ ತುಂಬಿ ಪೆಟ್ಟಿಗೆಯಲ್ಲಿಡುವ ಗಿಳಿಗಳನ್ನು ಹೊಲಿಯುವರು. ಉದುರಿದ ರಂಜದ ಹೂವನ್ನು ಸರಕ್ಕೆ ಏರಿಸುವರು. ಲಾವಂಚದ ಬೇರು ಮಾತ್ರ ಇಂದ್ರಾಣಿಯ ಕೈಗೆ ಬಿದ್ದರೆ ಬೇರೆಯೇ ಆಗುತ್ತಿತ್ತು. ಅವಳು ಹೆಣೆದ ಅಳಿಲನ್ನು ನೋಡಿ ಊರಿನ ಬೆಕ್ಕೊಂದು ಹೊಂಚು ಹಾಕಿ ಕುಳಿತಿತ್ತು. ಸಂತೆಯ ದಿನ ಅವಳ ಆನೆ, ಅಳಿಲು, ಬೀಸಣಿಗೆಗಳ ಮುಂದೆ ಜನ ನಿಲ್ಲುತ್ತಿದ್ದರು.

ಇಂಥ ಇಂದ್ರಾಣಿ ಎಣ್ಣೆಗಾಣದ ಮನೆಯ ಶಂಕರಲಿಂಗನನ್ನು ಮೆಚ್ಚಿದಳು. ಇದರಲ್ಲೊಂದು ತೊಡಕಿತ್ತು. ಶಂಕರಲಿಂಗನ ತಾಯಿ ಕೆಂಪಾಜಮ್ಮ ಪ್ರತಿದಿನ ಬೆಳಿಗ್ಗೆ ಸಣ್ಣತಾಯಮ್ಮನ ತೋಟದಿಂದ ದವನದ ಒಂದು ಕುಡಿಯನ್ನು ತರಿಸಿ ಮಗನ ಕಿವಿಗೆ ಸಿಕ್ಕಿಸುತ್ತಿದ್ದಳು. ಕುಡಿ ಹಸಿಯಾಗಿರುವವರೆಗೆ ಅವನು ಕೂರೆಂದರೆ ಕೂರುವ, ಏಳೆಂದರೆ ಏಳುವ ಮಗ. ಸಂಜೆ ಅದು ಬಾಡಿದ ಮೇಲೆ ಕೆರೆ ಏರಿಯ ಮೇಲೆ ಶಿಳ್ಳೆ ಹಾಕುತ್ತ ಬರುವವನು ಇನ್ನೊಬ್ಬನೇ. ಇಂದ್ರಾಣಿ ಮೆಚ್ಚಿದ್ದು ಆ ಸಂಜೆಯವನನ್ನು. ಒಂದು ಬೆಳಿಗ್ಗೆ ಗಾಣದ ಮನೆಯ ಮುಂದೆ ಅವನನ್ನು ಕಂಡು, "ನಿಮ್ಮಣ್ಣ ಮನೇಲಿಲ್ವಾ?" ಎಂದು ಅವನನ್ನೇ ಕೇಳಿದ್ದಳಂತೆ.

ಮದುವೆ ಗೊತ್ತಾಯಿತು. ಒಂದು ಸಂಜೆ, ಕುಡಿ ಬಾಡಿದ ಹೊತ್ತಿನಲ್ಲಿ, ಶಂಕರಲಿಂಗ ಇವಳನ್ನಲ್ಲದೆ ಯಾರನ್ನೂ ಆಗುವುದಿಲ್ಲವೆಂದು ಪಡಸಾಲೆಯಲ್ಲಿ ನಿಂತು ಹೇಳಿದ್ದರಿಂದ ಕೆಂಪಾಜಮ್ಮ ಒಪ್ಪಿದ್ದಳು. ಆದರೆ ಒಪ್ಪಿಗೆಶಾಸ್ತ್ರ ತನ್ನ ಕೈಯಲ್ಲಿದೆಯೆಂಬ ಧೈರ್ಯ ಅವಳಿಗಿತ್ತು. ತನ್ನ ಕಟ್ಟಳೆಗಳನ್ನು ಅವಳು ಗಾಣ ತಿರುಗುವ ತಾಳಕ್ಕೆ ದಿನವೂ ಒಪ್ಪಿಸಿಕೊಳ್ಳುತ್ತಿದ್ದುದರಿಂದ ಬೀದಿಗೆಲ್ಲ ಅವು ಬಾಯಿಪಾಠವಾಗಿದ್ದವು. ಸೊಸೆಯಾದವಳು ಲಾವಂಚ, ನಾರು, ಸೂಜಿ ಮುಟ್ಟಕೂಡದು. ಬೇಸಿಗೆಯಲ್ಲಿ ತವರಿಗೆ ಹೋಗಕೂಡದು. ಬೇಲಿಯಾಚೆಯವರೊಡನೆ ಮಾತಾಡಕೂಡದು. ಇನ್ನೂ ಹೀಗೆಯೇ; ಗಾಣದ ಎತ್ತು ಸುಸ್ತಾಗುವವರೆಗೆ.

ಒಂದು ದಿನ ಕೆಂಪಾಜಮ್ಮ ತಾನೇ ಹಿತ್ತಲಿಗೆ ಬಂದಳು.

"ಸಣ್ಣತಾಯಿ, ಜಡೆಗೆ ನಿನ್ನ ಮೊಗ್ಗೇ ಆಗ್ಬೇಕು. ಬ್ಯಾರೆಯೋರ ಒಂದು ಮೊಗ್ಗೂ ಸೇರಕೂಡದು."

"ಆಗಲಿ ಕಣಕ್ಕ."

"ನೀರೂ ನೀನೇ ಹಾಕ್ಬೇಕು. ಆ ಹುಡುಗಿ ಕೈಲಿ ಚೊಂಬು ಕೊಟ್ಟೀಯ, ಹುಷಾರು. ನನ್ನ ತಂಗೀನ ಬೇಲಿ ಹತ್ರ ಕೂರಿಸ್ತೀನಿ, ನೋಡ್ಕೋತಾಳೆ."

"ಕೂರಿಸಕ್ಕ. ಬಿಸಿಲು ಜಾಸ್ತಿ, ಚಾಪೆ ಕೊಡ್ತೀನಿ."

ಕಾವಲಿಗೆ ಬರುವವಳಿಗೆ ಚಾಪೆಯಷ್ಟೇ ಅಲ್ಲ, ಮಜ್ಜಿಗೆಯೂ ನಿಗದಿಯಾಯಿತು. ಕೆಂಪಾಜಮ್ಮ ಹೋದ ಮೇಲೆ ರಂಜದ ಮರದ ಹಿಂದಿನಿಂದ ಇಂದ್ರಾಣಿ ಹೊರಬಂದಳು. ಅವಳ ಕೈಯಲ್ಲಿ ಅರ್ಧ ಹೆಣೆದ ಆನೆಯೊಂದಿತ್ತು; ಸೊಂಡಿಲು ಇನ್ನೂ ಆಗಿರಲಿಲ್ಲ.

"ಅತ್ತೆ, ಇದೊಂದ್ಸಾರಿ ಇಲ್ಲ ಅನ್ನಕ್ಕಾಗ್ತಿರಲಿಲ್ವಾ?"

"ಬಾಯಿಗೆ ಬರ್ಲಿಲ್ಲ ಕಣವ್ವ."

"ನಿಮ್ಮ ಮೊಗ್ಗು ಮುಡ್ಕೊಂಡ್ರೆ ನಾನೂ ಎಲ್ಲದಕ್ಕೂ ಆಗಲಿ ಅಂತೀನಿ. ಆಮೇಲೆ ಈ ಆನೆಗೆ ಸೊಂಡ್ಲು ಹಾಕೋರ್ಯಾರು?"

ಸಣ್ಣತಾಯಮ್ಮ ಆ ಆನೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ತನ್ನ ಮೊಗ್ಗು ಏನು ಮಾಡುತ್ತದೆಂದು ಅವಳಿಗೆ ಗೊತ್ತಿತ್ತು. ಕೆಳಬೀದಿಯ ಒಬ್ಬ ಸೊಸೆ ಮಾವನ ಮುಂದೆ ನಗಕೂಡದೆಂಬ ಕಟ್ಟಳೆಗೆ ಆಗಲಿ ಎಂದಿದ್ದವಳು, ಈಗ ಮಾವ ತೀರಿಕೊಂಡ ಮೇಲೂ ಅವನ ಪಟದ ಎದುರು ಸೆರಗು ಕಚ್ಚಿಕೊಂಡೇ ಓಡಾಡುತ್ತಿದ್ದಳು. ಆ ಜಡೆಯನ್ನು ಹೆಣೆದದ್ದೂ ಇದೇ ಕೈ.

ಅಂದಿನಿಂದ ಸಣ್ಣತಾಯಮ್ಮ ಇಲ್ಲವೆನ್ನುವುದನ್ನು ಅಭ್ಯಾಸ ಮಾಡತೊಡಗಿದಳು. ಮೊದಲು ಬಾವಿಯೊಳಕ್ಕೆ ಬಗ್ಗಿ ಹೇಳಿದಳು. ಬಾವಿ ಅದನ್ನು ಎರಡರಷ್ಟು ದೊಡ್ಡದಾಗಿ ತಿರುಗಿ ಹೇಳಿದಾಗ ಹೆದರಿ, "ಆಗಲಿ ಬಿಡಪ್ಪ" ಎಂದಳು. ಮೇಕೆಯ ಎದುರು ನಿಂತು ಹೇಳಿದಳು. ಮೇಕೆ ಅಂದು ಎರಡು ಕೊಂಬೆ ತಿಂದುಕೊಂಡು ಹೋಯಿತು. ಬೇಲಿಯ ಬಳಿ ಕಾವಲಿಗೆ ಕುಳಿತಿದ್ದ ಕೆಂಪಾಜಮ್ಮನ ತಂಗಿ ಇದನ್ನೆಲ್ಲ ನೋಡಿ, "ಸಣ್ಣತಾಯಮ್ಮ, ಗಂಟಲು ಕೆಟ್ಟಿದ್ಯಾ? ಒಂಚೂರು ಕಷಾಯ ಮಾಡ್ಕೊ, ನಂಗೂ ಒಂದು ಲೋಟ ಕೊಡು" ಎಂದಳು. ಕೊಟ್ಟಳು.

ಕೊನೆಗೆ ಅವಳು ಬೋರಮ್ಮನ ಮನೆಗೆ ಹೋದಳು. ಬೋರಮ್ಮ ಊರಿಗೆಲ್ಲ ಬಾಯಾಳಿ. ಅವಳ ಸಂಪಿಗೆ ಮರದ ಕೆಳಗೆ ಜನ ಮೂಗು ಮುಚ್ಚಿಕೊಂಡು ಬಿರಬಿರನೆ ದಾಟುತ್ತಿದ್ದರು. ನಿಧಾನಿಸಿದವರು ಮುಂದಿನ ತಿರುವಿನಲ್ಲಿ ಯಾರೊಡನಾದರೂ ಕಾಲು ಕೆರೆಯುತ್ತಿದ್ದರು. ವಿಷಯ ಕೇಳಿ ಬೋರಮ್ಮನಿಗೆ ಹಿಗ್ಗೋ ಹಿಗ್ಗು.

"ನನ್ನ ಹೂವ ಮುಡ್ಕೊಂಡು ಆ ಗಾಣದೋಳ ಮುಂದೆ ನಿಂತ್ಕೊ. ಇಲ್ಲ ಅನ್ನಾದೊಂದೇ ಅಲ್ಲ, ಅವಳ ಎತ್ತಿಗೂ ಎರಡು ಮಾತು ಅಂದು ಬತ್ತೀಯ. ಯಾವತ್ತಿಂದ ಕಾಯ್ತಿದ್ದೆ ನಾನು, ನೀನೊಬ್ಬಳು ನನ್ನ ಹೂವ ಕೇಳ್ಲಿ ಅಂತ."

"ಒಂದೇ ಒಂದು ಹೂ ಸಾಕು ಬೋರಕ್ಕ."

"ಸುಮ್ಕಿರು. ಒಂದ್ರಲ್ಲಿ ಏನಾಗ್ತದೆ? ನಿಂಗೆ ಬುಟ್ಟಿ ಬೇಕು."

ಅದು ನೆತ್ತಿಯ ಮೇಲೆ ಬಿಸಿಲು ನಿಂತ ಹೊತ್ತು. ಸಣ್ಣತಾಯಮ್ಮ ತುರುಬಿನ ತುಂಬ ಸಂಪಿಗೆ ಮುಡಿದು ಬೀದಿಗಿಳಿದಳು. ನಾಲ್ಕು ಮನೆ ದಾಟುವಷ್ಟರಲ್ಲಿ ಅವಳ ನಡಿಗೆ ಬದಲಾಗಿತ್ತು. ಬಳೆಗಾರನೊಬ್ಬ, "ಏನ್ ತಾಯಿ, ಬಿಸ್ಲಲ್ಲಿ?" ಎಂದ. "ಬಿಸ್ಲು ನಿಮ್ಮಪ್ಪಂದಾ?" ಎಂದಳು ಸಣ್ಣತಾಯಮ್ಮ. ಬಳೆಗಾರ ಹೆಗಲ ಮೇಲಿನ ಬಳೆಯ ಮಲಾರವನ್ನು ಇಳಿಸಿ ಕಣ್ಣುಜ್ಜಿಕೊಂಡ. ಅವಳಿಗೆ ಒಳಗೊಳಗೇ ಹಿತವಾಯಿತು; ಬಾಯಿಗೆ ಹೊಸ ರುಚಿ ಸಿಕ್ಕಿತು. ದಾರಿಗಡ್ಡ ಮಲಗಿದ್ದ ಎಮ್ಮೆಗೆ ಅದರ ವಂಶವನ್ನೆಲ್ಲ ಎತ್ತಿ ಹೇಳಿದಳು. ತನ್ನ ಹಗ್ಗ, ಕೊಡ, ರಾಟೆಗಳನ್ನು ಒಯ್ದಿದ್ದ ನೆರೆಮನೆಯ ಬಾಗಿಲಲ್ಲಿ ನಿಂತು ಮೂರನ್ನೂ ಹೆಸರು ಹಿಡಿದು ಕೇಳಿದಳು. ಅಂಚೆಯ ಡಬ್ಬಿ ಬಾಯಿ ತೆರೆದುಕೊಂಡಿರುವುದು ಸರಿಯಲ್ಲವೆಂದಳು. ಹೀಗೆ ಬೀದಿಯ ಎರಡೂ ಮಗ್ಗುಲನ್ನು ಸಮನಾಗಿ ವಿಚಾರಿಸಿಕೊಳ್ಳುತ್ತ ಹೋಗುವಾಗ ಬೇಸಿಗೆಯ ಬಿಸಿಲು ತನ್ನ ಕೆಲಸ ಮಾಡಿತ್ತು. ಗಾಣದ ಮನೆಯ ಹೊಸ್ತಿಲು ಮುಟ್ಟುವಾಗ ಸಂಪಿಗೆ ಬಾಡಿ ಕಂದಿ, ಅದರ ಕೊನೆಯ ಘಮಲು ಒಂದು ಕಾಗೆಯ ಮೇಲೆ ಖರ್ಚಾಗಿ ಹೋಗಿತ್ತು.

"ಏನ್ ಸಣ್ಣತಾಯಿ?" ಎಂದಳು ಕೆಂಪಾಜಮ್ಮ.

"ಏನಿಲ್ಲಕ್ಕ. ಚೆನ್ನಾಗಿದೀರಾ ಅಂತ ಕೇಳೋಣ ಅಂತ."

"ಬಂದಿದ್ದು ಒಳ್ಳೇದಾಯ್ತು. ಆ ಹುಡುಗಿ ಸೋದರಮಾವಂದಿರು ಮೂರು ಜನ ಅವ್ರಲ್ಲ, ಬಾಯಿ ಜೋರು. ಶಾಸ್ತ್ರದಲ್ಲಿ ಏನಾದ್ರೂ ಕೊಂಕು ತೆಗೀತಾರೆ. ಹೆಣ್ಣಿನ ಕಡೆಯೋರಿಗೆಲ್ಲ ಒಂದೊಂದು ಲಾವಂಚದ ಬೀಸಣಿಗೆ ಮಾಡ್ಕೊಡು. ನಿನ್ನ ಲಾವಂಚದ್ದೇ. ಚೆನ್ನಾಗಿ ನೀರು ಚಿಮುಕಿಸಿ ಕೊಡು, ತಣ್ಣಗೆ ಕೂತಿರ್ತಾರೆ."

"ನಿಮ್ಮ ಕಡೆಯೋರಿಗೆ?"

"ನಮಗ್ಯಾಕೆ? ನಾವು ಬೆವ್ರು ಒರೆಸ್ಕೋತೀವಿ. ನಾವು ಬಾಯಿ ಬಿಡ್ಬೇಕಾದೋರು."

"ಆಗಲಿ ಕಣಕ್ಕ," ಎಂದಳು ಸಣ್ಣತಾಯಮ್ಮ.

ಇಲ್ಲವೆನ್ನಲು ಹೋದವಳು ಇನ್ನೊಂದು ಆಗಲಿಯನ್ನು ಹೊತ್ತು ತಂದಳೆಂದು ಕೇಳಿ ಇಂದ್ರಾಣಿ ಅಳಲಿಲ್ಲ. ಸುಮ್ಮನೆ ಚಾಪೆಯ ಮೇಲೆ ಕುಳಿತು ಬೇರು ಬಿಡಿಸತೊಡಗಿದಳು. ಮದುವೆಗೆ ಮುಂಚಿನ ದಿನಗಳೆಲ್ಲ ಹಾಗೆ ಕಳೆದವು. ಮುಂದೆ ಈ ಬೇರು ಮುಟ್ಟಲಾರೆನೆಂದುಕೊಂಡೋ ಏನೋ, ಅವಳು ಒಂದೊಂದು ಬೀಸಣಿಗೆಯನ್ನೂ ಒಂದೊಂದು ರೀತಿಯಲ್ಲಿ ಹೆಣೆದಳು: ಒಂದು ವೀಳ್ಯದೆಲೆಯಂತೆ, ಒಂದು ಮೀನಿನಂತೆ, ಒಂದರ ಅಂಚಿಗೆ ನೀಲಿ ನಾರಿನ ಸುತ್ತು, ಇನ್ನೊಂದರ ಹಿಡಿಗೆ ಒಣಗಿದ ರಂಜದ ಸರ. ಸಣ್ಣತಾಯಮ್ಮ ನೋಡುತ್ತಿದ್ದಳು. ನೋಡನೋಡುತ್ತ ಅವಳ ಮನಸ್ಸಿನಲ್ಲಿ ಏನೋ ನಿಧಾನವಾಗಿ ಹೆಣೆದುಕೊಂಡಿತು.

"ಇಂದ್ರಾಣಿ, ಇವು ಕೈಲಿದ್ರೆ ನಿಮ್ಮ ಮಾವಂದಿರು ಹ್ಯಾಗಿರ್ತಾರೆ?"

"ನಿಮ್ಮ ಹಾಗೇ. ಯಾರೇನು ಕೇಳಿದ್ರೂ ಕೊಟ್ಬಿಡ್ತಾರೆ."

"ಕೇಳದೇ ಇದ್ರೂ ಕೊಡ್ತಾರೆ," ಎಂದಳು ಸಣ್ಣತಾಯಮ್ಮ. "ಎದುರಿಗಿರೋರು ಬೆವರ್ತಾ ಇದ್ರೆ ನಾನಾದ್ರೆ ಕೊಡ್ದೆ ಇರಕ್ಕೆ ಆಗ್ತಿರಲಿಲ್ಲ."

ಇಂದ್ರಾಣಿ ಸೂಜಿಯನ್ನು ಕೆಳಗಿಟ್ಟು ಅವಳ ಮುಖ ನೋಡಿದಳು. ಅಲ್ಲಿ ಎಂದಿನ ಸೌಮ್ಯತೆಯೇ ಇತ್ತು. "ಕೇಳಿದ್ದಕ್ಕಿಂತ ಒಂದು ಹಿಡಿ ಹೆಚ್ಚು ಮಾಡವ್ವ. ಬೇರೂ ದಪ್ಪಗೆ ಹಾಕು, ಬೇಗ ಒಣಗೋದು ಬ್ಯಾಡ," ಎಂದಳು ಸಣ್ಣತಾಯಮ್ಮ.

ಶಾಸ್ತ್ರದ ದಿನ ಮಧ್ಯಾಹ್ನ ಸಣ್ಣತಾಯಮ್ಮ ಜಡೆಗೆ ಕುಳಿತಳು. ಎದುರಿಗೆ ಕೆಂಪಾಜಮ್ಮನ ತಂಗಿ, ಮಜ್ಜಿಗೆಯ ಲೋಟ ಹಿಡಿದು, ಕಣ್ಣು ಮಿಟುಕಿಸದೆ. ಬಾಳೆಯ ಒಣಪಟ್ಟೆಯನ್ನು ಜಡೆಯ ಆಕಾರಕ್ಕೆ, ಮೇಲೆ ಅಗಲ ಕೆಳಗೆ ಕಿರಿದಾಗಿ, ಕತ್ತರಿಸಿ, ಬಿಗಿಯಾದ ದುಂಡುಮಲ್ಲಿಗೆಯ ಮೊಗ್ಗುಗಳನ್ನು ತೊಟ್ಟು ಒಳಗಾಗಿ ಸಾಲಾಗಿ ಹೊಲಿದಳು. ಸಾಲಿನ ನಡುವೆ ಕನಕಾಂಬರದ ಕೆಂಪು, ಅಂಚಿಗೆ ಮರುಗದ ಹಸಿರು, ನಡುವಿನ ಪದಕಕ್ಕೆ ದವನ. ಒಂದು ಮೊಗ್ಗೂ ಹೊರಗಿನದಲ್ಲ. ಇಂದ್ರಾಣಿಯ ಬೆನ್ನಿಗೆ ಅದನ್ನು ಕಟ್ಟಿ, ಹಿಂದೊಂದು ಮುಂದೊಂದು ಕನ್ನಡಿ ಹಿಡಿದು ತೋರಿಸಿದಾಗ, ಮುಂದಿನ ದುಃಖವನ್ನು ಮರೆತು ಆ ಹುಡುಗಿ ಒಂದು ಗಳಿಗೆ ಕತ್ತನ್ನು ಅತ್ತಿತ್ತ ತಿರುಗಿಸಿ ನೋಡಿಕೊಂಡಳು. ಜಡೆ ಅಷ್ಟು ಚೆನ್ನಾಗಿತ್ತು.

ಮೊಗ್ಗು ಬಿರಿಯುವ ಹೊತ್ತಿಗೆ ಸರಿಯಾಗಿ ಕೂಡಬೇಕೆಂದು ಎಲ್ಲರೂ ಚಪ್ಪರಕ್ಕೆ ಬಂದರು. ಹೊತ್ತಿಳಿದಿದ್ದರೂ ಸೆಕೆ ಇಳಿದಿರಲಿಲ್ಲ. ಚಪ್ಪರದ ಗರಿಗಳೇ ಕಾದು ಕಾವಲಿಯಾಗಿದ್ದವು. ಹೆಣ್ಣಿನ ಕಡೆಯವರು ಬಲಕ್ಕೆ, ಕೈಯಲ್ಲಿ ಒದ್ದೆ ಬೀಸಣಿಗೆಗಳು. ಗಂಡಿನ ಕಡೆಯವರು ಎಡಕ್ಕೆ, ಕೈಯಲ್ಲಿ ಅಂಗವಸ್ತ್ರಗಳು. ನಡುವೆ ಹಸೆಯ ಮೇಲೆ ಇಂದ್ರಾಣಿ, ಎದುರಿಗೆ ಕೆಂಪಾಜಮ್ಮ. ಮೊಗ್ಗು ಅವಸರಪಟ್ಟು ಬಿರಿಯದಂತೆ ಜಡೆಗೆ ಒದ್ದೆ ಬಟ್ಟೆ ಒತ್ತುತ್ತ ಸಣ್ಣತಾಯಮ್ಮ ಹಿಂದೆ ಕುಳಿತಿದ್ದಳು.

ಶಾಸ್ತ್ರ ಶುರುವಾಗಲು ಹೆಣ್ಣಿನ ಹಿರಿಯ ಸೋದರಮಾವ ಅಪ್ಪಣೆ ಕೊಡಬೇಕು. ಅವನು ಬೀಸಣಿಗೆ ಬೀಸಿಕೊಳ್ಳುತ್ತ, "ನಾನ್ಯಾಕೆ, ತಮ್ಮ ಕೊಡ್ಲಿ" ಎಂದ. ತಮ್ಮ, "ಅಣ್ಣ ಇರುವಾಗ ನಾನೇ? ಚಿಕ್ಕೋನು ಕೊಡ್ಲಿ" ಎಂದ. ಚಿಕ್ಕವನು, "ಬೀಗರೇ ಕೊಟ್ರೆ ಚಂದ" ಎಂದ. ಹುಟ್ಟಿದಂದಿನಿಂದ ಒಬ್ಬರ ಮಾತನ್ನೊಬ್ಬರು ಕೇಳದಿದ್ದ ಮೂವರು ಮಾವಂದಿರು ಒಬ್ಬರಿಗೊಬ್ಬರು ದಾರಿ ಬಿಡುತ್ತ ಕುಳಿತುಬಿಟ್ಟರು. ಹೊತ್ತು ಸರಿಯಿತು. ಎಡಗಡೆಯವರ ಅಂಗವಸ್ತ್ರಗಳು ಹಿಂಡುವ ಹಾಗಾದವು.

ಆಗ ಹಿರಿಯ ಮಾವ ಎದುರಿಗಿದ್ದ ಬೀಗನನ್ನು ನೋಡಿ ಮರುಗಿದ. "ಪಾಪ, ಎಷ್ಟು ಬೆವರ್ತಿದೀರಿ. ತಗೊಳ್ಳಿ," ಎಂದು ಬೀಸಣಿಗೆ ಚಾಚಿದ. ಆ ಬೀಗ ಎರಡು ಸಲ ಬೀಸಿಕೊಂಡು ಆಹಾ ಎಂದವನೇ, ಅದನ್ನು ಪಕ್ಕದವನಿಗೆ ಕೊಟ್ಟ. ಬಲಗಡೆಯ ಹೆಂಗಸರು ಎದ್ದು ಎಡಗಡೆಯ ಹೆಂಗಸರಿಗೆ ಬೀಸಲು ಹೋದರು. ಎಡಗಡೆಯವರು ಅವರನ್ನು ಕೂರಿಸಿ ತಾವು ಬೀಸಿದರು. ಮೀನು, ಎಲೆ, ನೀಲಿ ಅಂಚು, ರಂಜದ ಸರ, ಒಂದೊಂದೂ ಕೈಯಿಂದ ಕೈಗೆ ಹೋಗುತ್ತ, "ಎಂಥಾ ಕೆಲಸ ನೋಡ್ರಿ, ಯಾರ ಕೈಯದು?" ಎಂಬ ಮಾತು ಹುಟ್ಟಿ, ಚಪ್ಪರದ ತುಂಬ ಲಾವಂಚದ ತಂಪು ಹರಡಿತು.

ಕೆಂಪಾಜಮ್ಮ ಗಟ್ಟಿಗಿತ್ತಿ. ಮೂರು ಸಲ ಬಂದ ಬೀಸಣಿಗೆಯನ್ನು ಮೂರು ಸಲವೂ ತಳ್ಳಿದಳು. ಆದರೆ ಅವಳು ಅಂದು ಉಟ್ಟದ್ದು ಜರಿಯ ತೂಕದ ಸೀರೆ. ಹಣೆಯ ಕುಂಕುಮ ಮೂಗಿನವರೆಗೆ ಇಳಿದಿತ್ತು. ಕಣ್ಣಿಗೆ ಬೆವರು ಹೊಕ್ಕಿತು. ಕಣ್ಣು ಮುಚ್ಚಿ ಕೈ ಚಾಚಿ ಸೆರಗು ಹುಡುಕಿದಳು. ಕೈಗೆ ಸಿಕ್ಕಿದ್ದು ಯಾರೋ ಪ್ರೀತಿಯಿಂದ ಪಕ್ಕದಲ್ಲಿಟ್ಟು ಹೋಗಿದ್ದ ಬೀಸಣಿಗೆ. ಬೆವರಿದವರ ಕೈ ಬೀಸಣಿಗೆಯನ್ನು ಬೀಸುವುದಕ್ಕೆ ಮನಸ್ಸಿನ ಅಪ್ಪಣೆಗೆ ಕಾಯುವುದಿಲ್ಲ.

ಅವಳ ಹುಬ್ಬಿನ ಗಂಟು ಬಿಚ್ಚಿದ್ದನ್ನು ಸಣ್ಣತಾಯಮ್ಮ ಜಡೆಯ ಹಿಂದಿನಿಂದ ಕಂಡಳು. ಅವಳು ಒದ್ದೆ ಬಟ್ಟೆಯನ್ನು ತೆಗೆದಳು. ಮೊಗ್ಗುಗಳು ಬಿರಿಯತೊಡಗಿದವು.

"ಅತ್ತೆಮ್ಮ, ಕಟ್ಟಳೆ ಹೇಳಿ," ಎಂದಳು ಇಂದ್ರಾಣಿ, ಮೆತ್ತಗೆ.

"ನಾನೇನು ಹೇಳ್ಲಿ ಮಗ? ನಿಂಗೆ ಹ್ಯಾಗೆ ಅನುಕೂಲವೋ ಹಾಗೆ."

"ನೀವು ಹೇಳಿದ ಹಾಗೆ."

"ಇಲ್ಲ ಕಣವ್ವ, ನೀನು ಹೇಳಿದ ಹಾಗೆ."

ಇಬ್ಬರೂ ಹೀಗೆಯೇ ಒಬ್ಬರ ಕಾಲಿಗೊಬ್ಬರು ಹೂ ಹಾಕುವಂತೆ ಮಾತಾಡಿಕೊಂಡರು. ಕಟ್ಟಳೆ ಹೇಳದೆ ಶಾಸ್ತ್ರ ಮುಗಿಯದು. ಶಾಸ್ತ್ರ ಮುಗಿಯದೆ ಎಲೆ ಹಾಕುವಂತಿಲ್ಲ. ಅಡುಗೆಯವನು ಬಂದು ಇಣುಕಿದ. ಅವನ ಕೈಗೂ ಯಾರೋ ಒಂದು ಬೀಸಣಿಗೆ ಕೊಟ್ಟರು. ನಿಧಾನವಾಗಲಿ, ಹುಳಿ ಇನ್ನೊಮ್ಮೆ ಬಿಸಿ ಮಾಡುತ್ತೇನೆಂದು ಹೇಳಿಹೋದ. ಕೇಳಲು ಎಲ್ಲರೂ ಸಿದ್ಧ, ಒಪ್ಪಲು ಎಲ್ಲರೂ ಸಿದ್ಧ, ಹೇಳಲು ಒಬ್ಬರೂ ಇಲ್ಲ. ಅತ್ತೆಯೇ ಹೇಳಬೇಕೆಂದು ಹಿರಿಯರು ಎಂದೂ ಕಟ್ಟು ಮಾಡಿರಲಿಲ್ಲ. ಎಂದೂ ಹಾಗೆಯೇ ನಡೆದದ್ದರಿಂದ ಹಾಗೆಯೇ ಇರಬೇಕೆಂದು ತಿಳಿದಿದ್ದರು, ಅಷ್ಟೆ. ಹಸೆಯ ಮೇಲೆ ಯಾರಾದರೂ ಹೇಳಬೇಕು, ಬಾಧ್ಯರಾದವರು ಆಗಲಿ ಎನ್ನಬೇಕು.

ಕೊನೆಗೆ ಕೆಂಪಾಜಮ್ಮ ಸುತ್ತ ನೋಡಿ, "ಸಣ್ಣತಾಯಿ, ನೀನು ದೊಡ್ಡೋಳು, ತಿಳಿದೋಳು. ನೀನೇ ಹೇಳ್ಬಿಡು," ಎಂದಳು. ಮಾವಂದಿರು ಮೂವರೂ, "ಹೌದವ್ವ, ನೀವೇ ಹೇಳಿ" ಎಂದರು. ಎಡಗಡೆಯವರು ಹೇಳಿ ಎಂದರು. ಬಲಗಡೆಯವರು ಹೇಳಿ ಎಂದರು.

ಇಡೀ ಚಪ್ಪರ ಕೇಳುವಾಗ ಸಣ್ಣತಾಯಮ್ಮ ಇಲ್ಲವೆಂದಾಳೆಯೇ? ಒಬ್ಬರು ಕೇಳಿದರೇ ಎಂದವಳಲ್ಲ. "ಆಗಲಿ," ಎಂದು ಎದ್ದು ಬಂದು ಹಸೆಯ ಪಕ್ಕ ಕುಳಿತಳು.

"ಇಂದ್ರಾಣಿ ಗಾಣದ ಮನೆ ಪಡಸಾಲೇಲಿ ಕೂತು ಲಾವಂಚ ಹೆಣೀಬೇಕು. ಬೆಳಕು ಚೆನ್ನಾಗಿರೋ ಕಡೆ."

"ಆಗಲಿ," ಎಂದಳು ಕೆಂಪಾಜಮ್ಮ. "ಕಿಟಕಿ ಪಕ್ಕ ಜಾಗ ಮಾಡಿಸ್ತೀನಿ."

"ಬೇಸಿಗೆಗೆ ಅವಳು ತವರಿಗೆ ಬರಬೇಕು. ಅವನೂ ಜೊತೇಲಿ."

"ಆಗಲಿ."

"ಶಂಕರಲಿಂಗನ ಕಿವಿಗೆ ಇನ್ಮೇಲೆ ಯಾರೂ ಏನೂ ಸಿಕ್ಕಿಸಬಾರದು."

ಕೆಂಪಾಜಮ್ಮ ಒಂದು ಉಸಿರಿನಷ್ಟು ತಡೆದಳು. ಬೀಸಣಿಗೆ ತಡೆಯಲಿಲ್ಲ. "ಆಗಲಿ," ಎಂದಳು.

ಇಲ್ಲಿಗೆ ನಿಲ್ಲಿಸಬಹುದಿತ್ತು, ನನಗೆ ಕಥೆ ಹೇಳಿದವರಲ್ಲಿ ಇಬ್ಬರು ನಿಲ್ಲಿಸಿದ್ದಳೆಂದೇ ಹೇಳುತ್ತಾರೆ. ಆದರೆ ಮೂರನೆಯವಳು, ಅಂದು ಚಪ್ಪರದಲ್ಲಿ 'ಮೀನು' ಬೀಸಿದ್ದವಳ ಮೊಮ್ಮಗಳು, ನಗುತ್ತ ಹೇಳಿದ್ದು ಬೇರೆ. ಸಣ್ಣತಾಯಮ್ಮ ಕೇಳಿದ್ದಕ್ಕಿಂತ ಒಂದು ಹಿಡಿ ಹೆಚ್ಚು ಕೊಡುವವಳಲ್ಲವೇ? ಮೂವರು ಮಾವಂದಿರು ಒಂದೇ ಒಲೆಯಲ್ಲಿ ಉಣ್ಣಬೇಕೆಂದಳು, ಆಗಲಿ ಎಂದರು. ಕೆಳಬೀದಿಯ ಆ ಸೊಸೆ ಮಾವನ ಪಟದ ಮುಂದೆ ದಿನಕ್ಕೊಂದು ಸಲವಾದರೂ ನಗಬೇಕೆಂದಳು. ಆ ಮನೆಯವರೂ ಅಲ್ಲೇ ಇದ್ದರು, ಆಗಲಿ ಎಂದರು. ನೆರೆಮನೆಯವರತ್ತ ತಿರುಗುವಷ್ಟರಲ್ಲಿ ಅವರೇ, "ಹಗ್ಗ ಕೊಡ ರಾಟೆ ಮೂರೂ ಆಗಲಿ" ಎಂದರು. ಬೀಸಣಿಗೆಗಳ ನೀರು ಆರುತ್ತ ಬರುವವರೆಗೆ ಅವಳು ಚಪ್ಪರದ ಒಂದು ತುದಿಯಿಂದ ಇನ್ನೊಂದು ತುದಿಗೆ ಯಾರನ್ನೂ ಬಿಡದೆ, ಮೆತ್ತನೆಯ ದನಿಯಲ್ಲಿ, ಎಲ್ಲರಿಗೂ ಬಡಿಸಿದಳು. ಆಮೇಲೆ ಎಲೆ ಹಾಕಿದರು.

ಊಟದ ಅರ್ಧಕ್ಕೆ ಲಾವಂಚ ಒಣಗಿ ಪರಿಮಳ ನಿಂತಿತು. ಒಬ್ಬೊಬ್ಬರ ತುತ್ತೂ ಬಾಯಿಯ ಹತ್ತಿರ ನಿಂತಿತು. ಮಾವಂದಿರು ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು. ಶಂಕರಲಿಂಗ ಖಾಲಿ ಕಿವಿಯನ್ನು ಮುಟ್ಟಿಕೊಂಡು, ಇಂದ್ರಾಣಿಯ ಎಲೆಯಿಂದ ಒಂದು ಒಬ್ಬಟ್ಟು ಎತ್ತಿಕೊಂಡು, ತಾಯಿಯ ಕಣ್ಣೆದುರಿಗೇ ತಿಂದ. ಕೆಂಪಾಜಮ್ಮ ಎಂಜಲ ಕೈಯಲ್ಲೇ ಎದ್ದು ಸಣ್ಣತಾಯಮ್ಮನ ಎಲೆಯ ಮುಂದೆ ಬಂದು ನಿಂತಳು.

"ಸಣ್ಣತಾಯಿ, ಏನ್ ಮಾಡಿಟ್ಟೆ ನೀನು?"

"ನೀವು ಹೇಳಿದ್ದೇ ಅಕ್ಕ," ಎಂದಳು ಸಣ್ಣತಾಯಮ್ಮ, ಅನ್ನ ಕಲಸುವುದನ್ನು ನಿಲ್ಲಿಸಿ. "ಜಡೆ ಕೇಳಿದ್ರಿ, ಕೊಟ್ಟೆ. ಬೀಸಣಿಗೆ ಕೇಳಿದ್ರಿ, ಕೊಟ್ಟೆ. ಕಟ್ಟಳೆ ಹೇಳು ಅಂದ್ರಿ, ಹೇಳ್ದೆ. ಇನ್ನೇನಾದ್ರೂ ಬೇಕಿತ್ತಾ?"

ಕೆಂಪಾಜಮ್ಮ ಬಾಯಿ ತೆರೆದಳು. ಅವಳಿಗೆ ಬೇಕಾದ್ದು ಬಹಳವಿತ್ತು. ಒಂದೊಂದನ್ನೂ ನಾಲಗೆಯ ತುದಿಗೆ ತಂದು, ಇದನ್ನು ಕೇಳಿದರೆ ಏನಾದೀತು, ಇದರ ಮೇಲಿನ ಒಂದು ಹಿಡಿ ಏನಾದೀತು ಎಂದು ತೂಗಿ ನೋಡಿದಳು. ಎದುರಿಗಿದ್ದ ಮುಖ ಎಂದಿನಂತೆ ಸೌಮ್ಯವಾಗಿ, ಕೇಳಿದ್ದನ್ನೆಲ್ಲ ಕೊಡಲು ಸಿದ್ಧವಾಗಿ, ಕಾಯುತ್ತಿತ್ತು.

"ಬೇಡ ಕಣೆ," ಎಂದಳು ಕೊನೆಗೆ. "ಏನೂ ಬೇಡ."